ಮುಸುಕು ಹಾಕಿದ ದೀಪದ ಪೆಟ್ಟಿಗೆ

ಹೋದ ತಿಂಗಳು ಮೊಮ್ಮಗಳು ಶೋಭಾ ನನ್ನನ್ನು ತನ್ನ ಶಾಲೆಗೆ ಕರೆದುಕೊಂಡು ಹೋಗಿದ್ದಳು. ಹಿರೇಕೆರೂರಿನಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಅಲ್ಲಿ ಅವಳು ಟೀಚರಾಗಿ ಆರು ವರ್ಷವಾಯಿತು. ಶಾಲೆಗೆ ಗೋಡೆಯಷ್ಟು ಅಗಲದ ಟೀವಿ ಕೊಟ್ಟಿದ್ದಾರೆ, ಅದರಲ್ಲೇ ಪಾಠ, ನೋಡು ಬಾ ಎಂದಿದ್ದಳು. ಹೋಗಿ ನೋಡಿದರೆ ಅದಕ್ಕೆ ಬಿಳಿಯ ತೆಳು ಅರಿವೆ ಹೊದಿಸಿದ್ದರು. ಅರಿವೆಯ ಅಂಚಿಗೆ ಕಸೂತಿ, ನಡುವೆ ಅರಿಷಿಣ ಕುಂಕುಮ, ಮೇಲೊಂದು ಒಣಗಿದ ಸೇವಂತಿಗೆ ಮಾಲೆ.

“ಚಾಲೂ ಮಾಡು, ನೋಡೋಣು” ಎಂದೆ.

“ಈಗ ಬ್ಯಾಡ ಆಯಿ. ಏನರ ಆದರ ನನ್ನ ತಲಿ ಮ್ಯಾಲೆ ಬರತೈತಿ.”

“ನಿನಗ ಬರತೈತೋ ಇಲ್ಲೋ, ಅಷ್ಟ ಹೇಳು.”

“ಒಂದ ದಿವ್ಸ ಕರಸಿ ಟ್ರೇನಿಂಗ್ ಕೊಟ್ಟಾರ. ಅವತ್ತ ಅಲ್ಲಿ ಕರೆಂಟ್ ಇರಲಿಲ್ಲ. ಬಾಯಿಲೇ ಹೇಳಿ ಕಳಿಸಿದ್ರು.”

ಟೀವಿ ಬಂದು ಎಷ್ಟು ದಿನವಾಯಿತು ಎಂದು ಕೇಳಿದೆ. ಹನ್ನೊಂದು ತಿಂಗಳು ಎಂದಳು. ನಾನು ಅರಿವೆಯ ತುದಿ ಹಿಡಿದು ಎತ್ತಿದೆ. ಮುಚ್ಚಿಟ್ಟ ಸಾಮಾನಿಗೆ ಒಂದು ವಾಸನೆ ಇರುತ್ತದೆ. ಧೂಳು, ಕುಂಕುಮ, ಹಳತಾದ ಹೂವು ಎಲ್ಲ ಸೇರಿದ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. ಶೋಭಾಳ ಮೇಲಲ್ಲ. ಆ ವಾಸನೆಯ ಮೇಲೆ ನನಗೆ ಹತ್ತು ವರ್ಷದವಳಿದ್ದಾಗಿನ ಸಿಟ್ಟಿದೆ.

ಆಗ ಎರಡನೆಯ ದೊಡ್ಡ ಲಡಾಯಿ ನಡೆದಿತ್ತು. ನಮ್ಮ ಊರು ಶಿಗ್ಗಾವಿ ತಾಲೂಕಿನಲ್ಲಿ, ತಡಸದಿಂದ ಎರಡು ಹರದಾರಿ. ಒಂದೇ ಖೋಲಿಯ ಶಾಲೆ, ಒಬ್ಬರೇ ಮಾಸ್ತರರು. ಸವಣೂರಿನ ಕಡೆಯ ಆಚಾರ್ಯರ ಮನೆತನದವರು. ಎಲ್ಲರೂ ಅವರನ್ನು ಆಚಾರ್ ಮಾಸ್ತರ ಎಂದೇ ಕರೆಯುತ್ತಿದ್ದರು. ಬಿಳಿ ಧೋತರ, ಕರಿ ಕೋಟು, ರುಮಾಲು. ಬಡಿಯುತ್ತಿದ್ದರು, ಆದರೆ ಕಲಿಸುತ್ತಿದ್ದರು. ನಾನು ಎರಡನೆಯ ಇಯತ್ತೆಯಲ್ಲಿದ್ದೆ. ಶಾಲೆಯಲ್ಲಿ ನಾವು ನಾಲ್ಕೇ ಹುಡುಗಿಯರು. ಕಸ ಹೊಡೆಯುವುದು ನಮ್ಮ ಪಾಳಿ. ಅದಕ್ಕೆ ಗಂಡು ಹುಡುಗರು ಕೈ ಹಾಕುತ್ತಿರಲಿಲ್ಲ.

ಮಾಸ್ತರರು ಅಪ್ಪನಿಗೆ ಹೇಳಿದ್ದರು: “ಈ ನೀಲವ್ವನ ಬುದ್ಧಿ ಚಲೋ ಅದ. ನಾಲ್ಕನೇ ಇಯತ್ತೆ ಮುಗದ ಮ್ಯಾಲೆ ಹಾನಗಲ್ಲಿಗೆ ಕಳಸ್ರಿ. ನಿಮ್ಮ ತಂಗಿ ಅಲ್ಲೇ ಇದ್ದಾಳಲ್ಲ. ಮುಲ್ಕಿ ಪರೀಕ್ಷಾ ಪಾಸಾದ್ರ ಅಕ್ಕೋರ ಆಗ್ತಾಳ.” ಮುಲ್ಕಿ ಅಂದರೆ ಏಳನೆಯ ಇಯತ್ತೆಯ ಪರೀಕ್ಷೆ. ಅದು ಪಾಸಾದವರು ಶಾಲೆಯಲ್ಲಿ ಕಲಿಸಬಹುದಿತ್ತು. ಅಪ್ಪ ಹೂಂ ಅಂದಿದ್ದ. ನಾಲ್ಕನೆಯದು ಮುಗಿಯಲಿ ನೋಡೋಣ ಅಂದಿದ್ದ. ನನಗೆ ಅಷ್ಟೇ ಸಾಕಾಗಿತ್ತು. ಕಟ್ಟೆಯ ಮೇಲೆ ತಮ್ಮನನ್ನೂ ಪಕ್ಕದ ಮನೆಯ ಆಡಿನ ಮರಿಯನ್ನೂ ಕೂರಿಸಿ ಕಾಗುಣಿತ ಹೇಳಿಕೊಡುತ್ತಿದ್ದೆ.

ಆ ವರ್ಷ ಮಾಘ ಮಾಸದಲ್ಲಿ ತಾಲೂಕಿನ ಮಾಸ್ತರರನ್ನೆಲ್ಲ ಶಿಗ್ಗಾವಿಗೆ ಕರೆಸಿದ್ದರು. ಶಾಲೆಗೊಂದು ಚಿತ್ರ ತೋರಿಸುವ ದೀಪ ಕೊಡುತ್ತಾರೆ, ಅದನ್ನು ನಡೆಸುವುದನ್ನು ಕಲಿಸುತ್ತಾರೆ ಎಂದು. ಅವರು ತಿರುಗಿ ಬಂದ ಸಂಜೆ ಅಪ್ಪ ಮತ್ತು ನಾಲ್ಕು ಮಂದಿ ಚಾವಡಿಯ ಮುಂದೆ ಕೂತಿದ್ದರು. ನಾನು ಅಪ್ಪನ ಬೆನ್ನಿಗೆ ಆತು ನಿಂತಿದ್ದೆ.

“ದಿಪೋಟಿ ಸಾಹೇಬರು ಪೆಟಗಿ ಮೇಜಿನ ಮ್ಯಾಲೆ ಇಟ್ಕೊಂಡು ಎರಡ ತಾಸ ಮಾತಾಡಿದ್ರು” ಎಂದರು ಮಾಸ್ತರರು. ಶಾಲೆ ತಪಾಸಣೆ ಮಾಡುವ ಸಾಹೇಬರನ್ನು ನಮ್ಮ ಕಡೆ ದಿಪೋಟಿ ಅನ್ನುತ್ತಿದ್ದರು. “ಇದು ಬಂದ್ರ ಹಳ್ಳಿ ಹುಡುಗರೂ ಲಂಡನ್ನಿನ ಹುಡುಗರ ಹಂಗ ಆಗ್ತಾರ ಅಂದ್ರು.”

“ಹಚ್ಚಿ ತೋರಿಸಿದ್ರೇನ್ರಿ?” ಅಪ್ಪ ಕೇಳಿದ.

“ಅವರ ಸಿಪಾಯಿ ಹಚ್ಚಿದಾ. ನಾವೆಲ್ಲಾ ಹಿಂದ ಕೂತಿದ್ವಿ. ಒಬ್ಬ ಮಾಸ್ತರು ಎದ್ದು ಹತ್ರ ಹೋದ್ರ, ಮುಟ್ಟಬ್ಯಾಡ್ರಿ, ಗಾಜು ಒಡೀತದ ಅಂದ್ರು. ಆಮ್ಯಾಲೆ ಕಲತೇವಿ ಅಂತ ಸಹಿ ತಗೊಂಡ್ರು.”

“ನೀವು ಕಲತ್ರೇನ್ರಿ?”

“ಸಹಿ ಮಾಡೇನಿ” ಎಂದರು ಮಾಸ್ತರರು. ಎಲ್ಲರೂ ನಕ್ಕರು. ಅವರೂ ನಕ್ಕರು. ನಾನೂ ನಕ್ಕೆ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಹೋಳಿ ಹುಣ್ಣಿಮೆಗೆ ಎಂಟು ದಿನ ಮುಂಚೆ ಪೆಟ್ಟಿಗೆ ಚಕ್ಕಡಿಯಲ್ಲಿ ಬಂತು. ಹುಲ್ಲಿನಲ್ಲಿ ಹುಗಿದು ತಂದಿದ್ದರು. ಒಳಗೆ ಕರಿ ತಗಡಿನದೊಂದು ಡಬ್ಬಿ, ಅದರ ಮೂತಿಗೆ ದಪ್ಪ ಗಾಜು, ಒಂದು ಚಿಮಣಿ ದೀಪ, ಮತ್ತೊಂದು ತಗಡಿನ ಕೊಳವೆ, ಮರದ ಗೂಡಿನಲ್ಲಿ ನಿಲ್ಲಿಸಿದ, ಸಣ್ಣ ಸಣ್ಣ ಚಿತ್ರವಿದ್ದ ಗಾಜಿನ ಪಾಟಿಗಳು. ಜೊತೆಗೆ ಒಂದು ಕಾಗದ, ಇಂಗ್ಲಿಷಿನಲ್ಲಿ. ಮಾಸ್ತರರಿಗೆ ಕನ್ನಡ ಬರುತ್ತಿತ್ತು, ಮರಾಠಿ ಬರುತ್ತಿತ್ತು, ಸಂಸ್ಕೃತ ಬಾಯಿಪಾಠ ಇತ್ತು. ಇಂಗ್ಲಿಷು ಬರುತ್ತಿರಲಿಲ್ಲ. ಕಳಿಸಿದವರಿಗೆ ಅದು ಗೊತ್ತಿರಲಿಲ್ಲವೇ? ಅವರೇ ನೇಮಿಸಿದ ಮಾಸ್ತರರು. ಗೊತ್ತಿತ್ತು. ಕಳಿಸಿದ್ದಾಯಿತಲ್ಲ, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಮಾಸ್ತರರು ಪೆಟ್ಟಿಗೆಯನ್ನು ಮಣೆಯ ಮೇಲಿಟ್ಟು ಅರಿವೆ ಹೊದಿಸಿದರು. ಅರಿಷಿಣ ಕುಂಕುಮ ಏರಿಸಿ ಕಾಯಿ ಒಡೆದರು. ನಮಗೆಲ್ಲ ಕೊಬ್ಬರಿ ಸಿಕ್ಕಿತು.

“ಯಾವಾಗ ತೋರಸ್ತೀರ್ರಿ ಮಾಸ್ತರ?” ಎಂದು ಕೇಳಿದೆ.

“ಸಾಹೇಬರು ಬಂದಾಗ. ಅಲ್ಲೀತನಕ ಯಾರೂ ಮುಟ್ಟಬಾರದು. ಸರಕಾರದ ಸಾಮಾನ ಅದು.”

ಅವರೇ ಮುಟ್ಟಿದ್ದರು. ಅದು ನನಗೊಬ್ಬಳಿಗೇ ಗೊತ್ತು. ಶಾಲೆಗೆ ಸೂಟಿ ಇದ್ದ ದಿನ ಮಧ್ಯಾಹ್ನ ನಾನು ಕಸ ಹೊಡೆಯಲು ಹೋದಾಗ ಖೋಲಿಯ ತುಂಬ ಕರಿ ಹೊಗೆ. ಮಾಸ್ತರರು ಕಣ್ಣು ಉಜ್ಜಿಕೊಳ್ಳುತ್ತ ಮೂಲೆಯಲ್ಲಿ ನಿಂತಿದ್ದರು. ಧೋತರದ ಮೇಲೆಲ್ಲ ಮಸಿ. ದೀಪದ ಗಾಜು ಸೀಳಿ ಕೆಳಗೆ ಬಿದ್ದಿತ್ತು. ನನ್ನನ್ನು ನೋಡಿ ಅವರು ಬಯ್ಯಲಿಲ್ಲ.

“ನೀಲವ್ವಾ, ಯಾರ ಮುಂದನೂ ಹೇಳಬ್ಯಾಡವಾ” ಎಂದರು.

ನಾನು ಹೇಳಲಿಲ್ಲ. ಗಾಜಿನ ಚೂರು ಆರಿಸಿ ತಿಪ್ಪೆಯಲ್ಲಿ ಹುಗಿದು ಬಂದೆ. ಮುಂದಿನ ವಾರ ಅವರು ಸವಣೂರಿನಿಂದ ಬೇರೆ ಗಾಜು ತಂದು ಹಾಕಿದರು. ಮತ್ತೆ ಹಚ್ಚುವ ಧೈರ್ಯ ಮಾಡಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಕಲಿತಿದ್ದೇನೆ ಎಂದು ಸಹಿ ಮಾಡಿದ ಮನುಷ್ಯ ಹೇಗೆ ಕೇಳಬೇಕು?

ಸಾಹೇಬರು ಯುಗಾದಿ ಮುಗಿದ ಮೇಲೆ ಬಂದರು. ಸಂಜೆಯೊಳಗೆ ಇನ್ನೂ ಮೂರು ಊರು ತಿರುಗಬೇಕು ಎಂದು ನಿಂತ ಕಾಲ ಮೇಲೆ ಇದ್ದರು. ಮುಸುಕು ತೆಗೆಸಿದರು, ಬೆರಳಿನಿಂದ ತಗಡು ಒರೆಸಿ ನೋಡಿದರು. ಧೂಳು ಇರಲಿಲ್ಲ. ಹೊರಗಿನ ತಗಡನ್ನು ದಿನಾ ಒರೆಸುವ ಕೆಲಸ ಮಾತ್ರ ಮಾಸ್ತರರು ನನಗೆ ಕೊಟ್ಟಿದ್ದರು. “ಭಾಳ ಚಲೋ ಇಟ್ಟೀರಿ ಮಾಸ್ತರ” ಎಂದು ಹೇಳಿ ತಪಾಸಣೆಯ ವಹಿಯಲ್ಲಿ ಹಾಗೆಂದೇ ಶೇರೆ ಬರೆದು ಹೋದರು. ಮಾಸ್ತರರು ಆ ಶೇರೆಯನ್ನು ನಮಗೆ ಓದಿ ಹೇಳಿದರು. ದೀಪದ ಮಾತು ಅಲ್ಲಿಗೆ ಮುಗಿಯಿತು.

ಇನ್ನು ಬಾವಿಯ ವಿಷಯ ಹೇಳಬೇಕು. ನಮ್ಮೂರಿನದು ಮೆಟ್ಟಿಲ ಬಾವಿ. ಬೇಸಿಗೆಯಲ್ಲಿ ನೀರು ತಳಕ್ಕೆ ಹೋಗುತ್ತದೆ, ಕೊನೆಯ ಮೆಟ್ಟಿಲ ತನಕ ಇಳಿಯಬೇಕು. ನೀರೆಂದರೆ ಗಂಗವ್ವ, ಅವಳ ಹತ್ತಿರ ಹೊಲಸು ಕಾಲಿನಲ್ಲಿ ಹೋಗಬಾರದು ಎಂದು ಹೆಣ್ಣುಮಕ್ಕಳೆಲ್ಲ ಆ ಕೊನೆಯ ಮೆಟ್ಟಿಲ ಮೇಲೆ ನಿಂತು, ಅದೇ ನೀರಿನಲ್ಲಿ ಕಾಲು ತೊಳೆದು, ಕೈಮುಗಿದು, ಆಮೇಲೆ ಕೊಡ ಮುಳುಗಿಸುತ್ತಿದ್ದರು. ನಾನೂ ತೊಳೆದಿದ್ದೇನೆ. ನನ್ನ ಅವ್ವ ಎಲ್ಲರಿಗಿಂತ ಚೊಕ್ಕ. ಅವಳು ಮೊಣಕಾಲ ತನಕ ತಿಕ್ಕಿ ತೊಳೆಯುತ್ತಿದ್ದಳು. ನಾರುಹುಣ್ಣು ಎದ್ದವರು ಕಾಲು ಉರಿಯುತ್ತದೆಂದು ಅಲ್ಲೇ ಬಂದು ನೀರಿನಲ್ಲಿ ಕಾಲು ಬಿಟ್ಟು ಕೂತುಕೊಳ್ಳುತ್ತಿದ್ದರು. ತಣ್ಣಗಾಗುತ್ತದೆ, ಗಂಗವ್ವ ಉರಿ ತೆಗೆದುಕೊಳ್ಳುತ್ತಾಳೆ ಎನ್ನುತ್ತಿದ್ದರು.

ನಾರುಹುಣ್ಣು ಈಗಿನವರು ನೋಡಿಲ್ಲ. ಒಳ್ಳೆಯದೇ ಆಯಿತು. ಕಾಲಿಗೆ ಒಂದು ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಎರಡು ಬೆರಳಷ್ಟು ಎಳೆಯಬೇಕು. ಮೊಳದುದ್ದ ಇರುತ್ತದೆ. ನಡುವೆ ತುಂಡಾದರೆ ಕಾಲು ಹೋಯಿತು.

ಮಳೆಗಾಲ ಬಂತು, ಹೋಯಿತು. ಮಹಾನವಮಿಗೆ ಖಂಡೇಪೂಜೆ ಮಾಡಿದಾಗ ಕುರ್ಪಿ, ಕುಡುಗೋಲಿಗೆ ಮಾಡಿದಂತೆ ದೀಪದ ಪೆಟ್ಟಿಗೆಗೂ ಪೂಜೆ ಆಯಿತು. ಕುರ್ಪಿ, ಕುಡುಗೋಲು ಮರುದಿನ ಹೊಲಕ್ಕೆ ಹೋದವು. ಪೆಟ್ಟಿಗೆ ಮಾತ್ರ ಬನ್ನಿ ಎಲೆ ಹೊತ್ತುಕೊಂಡು ಅಲ್ಲೇ ಕೂತಿತು. ಮತ್ತೆ ಹೋಳಿ, ಮತ್ತೆ ಯುಗಾದಿ, ಮತ್ತೆ ಸಾಹೇಬರ ಅದೇ ಶೇರೆ. ನಾನು ಮೂರನೆಯದು ಪಾಸಾದೆ.

ಶಾಲೆ ತೆರೆದು ನಾಲ್ಕನೆಯ ಇಯತ್ತೆಯಲ್ಲಿ ನಾನು ಒಂಬತ್ತು ದಿನ ಕೂತೆ. ಹತ್ತನೆಯ ದಿನ ಅವ್ವನ ಬಲಗಾಲಿಗೆ ಗುಳ್ಳೆ ಎದ್ದಿತು. ರೋಹಿಣಿ ಮಳೆ ಹಿಡಿದಿತ್ತು, ಬತ್ತದ ಬಿತ್ತಿಗೆ ನಡೆದಿತ್ತು, ತೊಟ್ಟಿಲಿನಲ್ಲಿ ಇನ್ನೊಂದು ಕೂಸು. ಅವ್ವ ಕಡ್ಡಿಗೆ ಹುಳ ಸುತ್ತಿಕೊಂಡು ಐದು ದಿನ ಗೋಡೆಗೆ ಒರಗಿ ಕೂತಳು. ಆರನೆಯ ದಿನ ಕೂಸು ತೊಟ್ಟಿಲಿನಿಂದ ಜಾರಿತು. ಹಿಡಿಯಲು ದಡಕ್ಕನೆ ಎದ್ದಳು. ಹುಳ ತುಂಡಾಯಿತು. ಕಾಲು ಕುಂಬಳಕಾಯಿಯಂತೆ ಬಾತಿತು. ಅವಳ ಮೊಣಕಾಲು ಮಡಿಚಿದ್ದು ಮಡಿಚಿಯೇ ಉಳಿಯಿತು, ಸಾಯುವ ತನಕ.

ಮಾಸ್ತರರು ಮನೆಗೆ ಬಂದರು. “ಹುಡುಗೀನ ಸಾಲಿ ಬಿಡಸಬ್ಯಾಡ್ರಿ. ಒಂದ ವರ್ಷದ ಮಾತು.”

“ಬಿತ್ತಿಗಿಗೆ ನೀವ ಬರ್ತೀರೇನ್ರಿ?” ಎಂದ ಅಪ್ಪ. “ಕೂಸಿನ್ನ ನೀವ ಹಿಡೀತೀರೇನು? ರೊಟ್ಟಿ ಯಾರು ಬಡೀಬೇಕು?”

ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುತ್ತಲೇ ಇದ್ದೆ.

ಅದೇ ವಾರ ಗ್ಯಾಸಬತ್ತಿ ಇಮಾಮಸಾಬ ಊರಿನಲ್ಲಿ ಸಿಕ್ಕಿಬಿದ್ದಿದ್ದ. ಸವಣೂರಿನವನು. ಮದುವೆಗಳಿಗೆ ಗ್ಯಾಸಬತ್ತಿಯ ದೀಪ ಬಾಡಿಗೆಗೆ ಕೊಡುತ್ತಿದ್ದ. ಗೌಡರ ಮನೆಯ ಮದುವೆ ಮುಗಿಸಿ ಹೊರಟವನಿಗೆ ಹಳ್ಳ ತುಂಬಿ ದಾರಿ ಕಟ್ಟಿತ್ತು. ಮೂರು ದಿನದಿಂದ ಗೌಡರ ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ. ನಾನು ಪುಸ್ತಕ ತಿರುಗಿ ಕೊಡಲು ಶಾಲೆಗೆ ಹೋದೆ. ಅಲ್ಲಿ ಆ ಮುಸುಕು ಕಂಡಿತು. ನನ್ನ ಶಾಲೆ ಮುಗಿದಿತ್ತು, ಒಂದು ಚಿತ್ರವನ್ನೂ ನೋಡಿರಲಿಲ್ಲ.

“ಮಾಸ್ತರ, ಇಮಾಮಸಾಬಗ ತೋರಸ್ರಿ. ಅಂವಗ ದೀಪ ತಿಳೀತೈತಿ.”

“ಸರಕಾರದ ಸಾಮಾನು ಬತ್ತಿ ಹೊರಾಂವನ ಕೈಯಾಗ ಕೊಡ್ಲೇನು?”

“ನಿಮ್ಮ ಕೈಯಾಗ ಕೊಟ್ಟು ಏನಾತ್ರಿ?”

ಹತ್ತು ವರ್ಷದ ಹುಡುಗಿ ಮಾಸ್ತರರಿಗೆ ಹಾಗೆ ಅನ್ನಬಾರದು. ಅಂದೆ. ಬಡಿಯುತ್ತಾರೆ ಎಂದುಕೊಂಡೆ. ಅವರು ರುಮಾಲು ತೆಗೆದು ಮೇಜಿನ ಮೇಲಿಟ್ಟು ಕೂತರು. ಬೇಡ ಅನ್ನಲಿಲ್ಲ. ನಾನು ಓಡಿಹೋಗಿ ಇಮಾಮಸಾಬನನ್ನು ಕರೆತಂದೆ.

ಅವನು ಪೆಟ್ಟಿಗೆಯ ಒಳಗೆ ಇಣುಕಿ ನೋಡಿ, ಬದಿಗಿದ್ದ ತಗಡಿನ ಕೊಳವೆಯನ್ನು ಎತ್ತಿ ಹಿಡಿದ. “ಇದನ್ಯಾಕ ಹಾಕಿಲ್ರಿ ಮಾಸ್ತರ?”

“ಅದು ಹೆಚ್ಚಿಂದು ಅಂತ ತಿಳಿದಿದ್ದೆ.”

“ಹೊಗಿ ಹೋಗು ಕೊಳವಿ ಅಲ್ರೀ ಇದು? ಇದಿಲ್ಲಂದ್ರ ದೀಪ ಉಸರ ಹ್ಯಾಂಗ ಆಡಬೇಕು?”

ಮಾಸ್ತರರು ನನ್ನ ಕಡೆ ನೋಡಲಿಲ್ಲ. “ಹಾಕಪಾ ಹಂಗಾರ” ಎಂದರು.

“ನಾ ಹಾಕಂಗಿಲ್ರಿ” ಎಂದು ಇಮಾಮಸಾಬ ಕೊಳವೆಯನ್ನು ಅವರ ಕೈಗೆ ಕೊಟ್ಟ. “ನಾ ಹಾಕಿದ್ರ ನಾಳೆ ಹಳ್ಳ ಇಳದ ಮ್ಯಾಲೆ ಯಾರ ಹಾಕೋರು? ನೀವ ಹಾಕ್ರಿ. ತಪ್ಪಿದ್ರ ನಾ ಅದೇನಿ.” ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಬತ್ತಿ ಎಷ್ಟು ಏರಿಸಬೇಕು ಎಂದು ಬಾಯಿಂದ ಹೇಳಿದ, ಕೈ ಬಿಚ್ಚಲಿಲ್ಲ. ಮಾಸ್ತರರು ಒಂದು ಸಲ ಹೊಗೆ ಮಾಡಿದರು, ಬೆರಳು ಸುಟ್ಟುಕೊಂಡರು. “ಆರಸ್ರಿ, ಮತ್ತ ಹಚ್ರಿ” ಎಂದ. ಎರಡನೆಯ ಸಲ ಬೆಳಕು ಬಿಳಿಯಾಗಿ ನಿಂತಿತು. ಅರ್ಧ ತಾಸೂ ಹಿಡಿಯಲಿಲ್ಲ. ಎರಡು ತಾಸು ಭಾಷಣ ಮಾಡಿದ ಸಾಹೇಬರಿಗೆ ಈ ಅರ್ಧ ತಾಸು ಸಿಕ್ಕಿರಲಿಲ್ಲ.

ಕಿಡಕಿಗಳಿಗೆ ಕಂಬಳಿ ಕಟ್ಟಿದೆವು. ಮಾಸ್ತರರ ಒಗೆದ ಧೋತರವನ್ನು ಗೋಡೆಗೆ ಹಚ್ಚಿದೆವು. ಹುಡುಗರೆಲ್ಲ ನೆಲದ ಮೇಲೆ ಕೂತರು. ಮೊದಲನೆಯ ಪಾಟಿ ಹಾಕಿದಾಗ ಒಬ್ಬಳು ಹೆಂಗಸು ತಲೆಕೆಳಗಾಗಿ ನಿಂತಳು, ಹುಡುಗರು ಬಿದ್ದು ಬಿದ್ದು ನಕ್ಕರು. “ಪಾಟಿ ತಲಿ ಕೆಳಗ ಮಾಡಿ ಹಾಕ್ರಿ, ಆಕಿ ನೆಟ್ಟಗ ನಿಲ್ತಾಳ” ಎಂದ ಇಮಾಮಸಾಬ. ನಿಂತಳು.

ಅವಳು ಮೆಟ್ಟಿಲ ಬಾವಿಯಲ್ಲಿ ನಿಂತಿದ್ದಳು. ಕೊನೆಯ ಮೆಟ್ಟಿಲ ಮೇಲೆ. ಸೊಂಟದ ಮೇಲೆ ಕೊಡ, ಒಂದು ಕಾಲು ನೀರಿನಲ್ಲಿ. ಆ ಕಾಲಿನಿಂದ ಒಂದು ಬಿಳಿ ದಾರ ನೀರಿಗೆ ಇಳಿದಿತ್ತು.

ಹುಡುಗರ ನಗು ನಿಂತಿತು. ನಮ್ಮ ಬಾವಿಯನ್ನೇ ಯಾರೋ ಬರೆದಂತೆ ಇತ್ತು. ಎರಡನೆಯ ಪಾಟಿಯಲ್ಲಿ ಒಂದು ನೀರಿನ ಹನಿ, ಅದರೊಳಗೆ ಸಣ್ಣ ಸಣ್ಣ ಹುಳ. ಮೂರನೆಯದರಲ್ಲಿ ಒಬ್ಬ ಬೊಗಸೆಯಿಂದ ನೀರು ಕುಡಿಯುತ್ತಿದ್ದ. ನಾಲ್ಕನೆಯದರಲ್ಲಿ ಕೊಡದ ಬಾಯಿಗೆ ಅರಿವೆ ಮಡಿಚಿ ಕಟ್ಟಿ ನೀರು ಸೋಸುತ್ತಿದ್ದರು. ಐದನೆಯದರಲ್ಲಿ ಸಾಲಾಗಿ ಹನ್ನೆರಡು ಚಂದ್ರರು, ಕೊನೆಗೆ ಒಂದು ಬಾತ ಕಾಲು. ಚಿತ್ರದ ಕೆಳಗೆ ಕನ್ನಡದಲ್ಲೇ ಬರೆದಿತ್ತು. ಮಾಸ್ತರರು ಗಟ್ಟಿಯಾಗಿ ಓದತೊಡಗಿದರು. ಹುಳವಿರುವ ನೀರನ್ನು ಕುಡಿದ ಹನ್ನೆರಡು ತಿಂಗಳಿಗೆ… ಅಲ್ಲಿಗೆ ಅವರ ಧ್ವನಿ ನಿಂತಿತು.

ಉಳಿದದ್ದನ್ನು ನಾನು ಓದಿದೆ: ಕಾಲಿಗೆ ನಾರುಹುಣ್ಣು ಏಳುತ್ತದೆ. ಮೂರನೆಯದು ಪಾಸಾದವಳು, ಓದಲು ಬರುತ್ತಿತ್ತು. ಓದಿ, ಬೆರಳು ಮಡಿಚಿ ಎಣಿಸಿದೆ. ಅವ್ವನ ಕಾಲಿಗೆ ಗುಳ್ಳೆ ಎದ್ದದ್ದು ಈಗ. ಹನ್ನೆರಡು ತಿಂಗಳ ಹಿಂದೆ ಅಂದರೆ ಹೋದ ವರ್ಷದ ಬೇಸಿಗೆ. ಪೆಟ್ಟಿಗೆ ಬಂದದ್ದು ಅದಕ್ಕೂ ಮುಂಚಿನ ಹೋಳಿಗೆ.

“ಅವ್ವ ಆ ನೀರು ಕುಡಿಯೂ ಮೊದಲ ಇದು ಇಲ್ಲಿ ಇತ್ತಲ್ರಿ ಮಾಸ್ತರ” ಎಂದೆ. “ನಾ ದಿನಾ ಒರಸ್ತಿದ್ದೆ.”

ದೀಪದ ಬೆಳಕಿನಲ್ಲಿ ಮಾಸ್ತರರ ಮುಖ ಮಸಿಯಾಗಿತ್ತು. ನನಗೆ ಅವರ ಮೇಲೆ ಕನಿಕರ ಬರಲಿಲ್ಲ. ಈಗಲೂ ಪೂರ್ತಿ ಬಂದಿಲ್ಲ. ಆದರೆ ಹೆಚ್ಚಿನ ಸಿಟ್ಟು ಆ ಸಾಹೇಬರ ಮೇಲೆ. ಮುಟ್ಟಬೇಡಿ ಎಂದು ಕಲಿಸಿದವರು ಅವರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ತನ್ನ ಕಾಲು ನೋಡಿಕೊಂಡಳು. ಅಷ್ಟು ಚೊಕ್ಕ ಇದ್ದವಳು. “ಗುಳ್ಳಿ ಎದ್ದ ಮ್ಯಾಲೂ ಎರಡ ದಿನ ನೀರಿಗೆ ಹೋಗಿದ್ದೆ” ಎಂದಳು. “ಕಾಲ ತೊಳದ ಕೊಡ ತುಂಬೇನಿ. ಯಾರ ಯಾರ ಕುಡದಾರೋ.” ಅದೊಂದು ಮಾತು ಆಡಿ ಗೋಡೆಯ ಕಡೆ ತಿರುಗಿದಳು. ಹುಳ ತುಂಡಾದ ದಿನವೂ ಅಳದವಳು ಅಂದು ಅತ್ತಳು.

ಮಾಸ್ತರರು ಮರುದಿನ ಹೆಂಗಸರನ್ನೆಲ್ಲ ಕರೆಸಿ ತೋರಿಸಿದರು, ಅದರ ಮರುದಿನ ಗಂಡಸರಿಗೆ. ಕಾಲು ತೊಳೆಯದೆ ಇಳಿದರೆ ಗಂಗವ್ವ ಸಿಟ್ಟಾಗುತ್ತಾಳೆ ಎಂದು ಮುದುಕಿಯರು ಜಗಳ ತೆಗೆದರು. ಕೊನೆಗೆ ಬಾವಿಯ ದಂಡೆಯ ಮೇಲೆ ನೀರು ತುಂಬಿದ ಒಂದು ಹರವಿ ಇಟ್ಟು, ಅಲ್ಲೇ ಕಾಲು ತೊಳೆದು, ಕೊನೆಯ ಮೆಟ್ಟಿಲ ತನಕ ಹೋಗದೆ ಹಗ್ಗದಿಂದ ಕೊಡ ಬಿಡುವುದು ಎಂದಾಯಿತು. ಮನೆಮನೆಯ ಕೊಡದ ಬಾಯಿಗೆ ಅರಿವೆ ಬಂತು. ಮುಂದಿನ ಬೇಸಿಗೆ ಕಳೆದು ರೋಹಿಣಿ ಬಂದಾಗ ಗುಳ್ಳೆ ಎದ್ದವರು ಇದ್ದರು, ಅವ್ವ ಹೆದರಿದಂತೆ. ಅದರ ಮುಂದಿನ ವರ್ಷ ಕಡಿಮೆಯಾದರು.

ನಾನು ಶಾಲೆಗೆ ತಿರುಗಿ ಹೋಗಲಿಲ್ಲ. ಮೂರು ವರ್ಷದ ಮೇಲೆ ಹಾನಗಲ್ಲಿಗೆ ಹೋದೆ. ಓದಲು ಅಲ್ಲ, ಅಪ್ಪನ ತಂಗಿಯ ಸೊಸೆಯಾಗಿ.

ಮಾಸ್ತರರು ಒಂದು ಕೆಲಸ ಮಾಡಿದರು. ಸೂಟಿಯ ದಿನ ಪೆಟ್ಟಿಗೆಯನ್ನು ಚಕ್ಕಡಿಯಲ್ಲಿಟ್ಟುಕೊಂಡು ಸುತ್ತಿನ ಶಾಲೆಗಳಿಗೆ ಹೋಗುತ್ತಿದ್ದರು. ಅಲ್ಲಿಯ ಮಾಸ್ತರರ ಮುಂದೆ ಇಟ್ಟು ತಾವು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದರಂತೆ. ನೀವೇ ಹಚ್ಚಿ, ತಪ್ಪಿದರೆ ನಾನಿದ್ದೇನೆ ಎನ್ನುತ್ತಿದ್ದರಂತೆ. ಇಮಾಮಸಾಬನಿಂದ ಕಲಿತದ್ದು ಎಂದು ಹೆಸರು ಹಿಡಿದೇ ಹೇಳುತ್ತಿದ್ದರಂತೆ.

ಮರುವರ್ಷ ದಿಪೋಟಿ ಸಾಹೇಬರು ಬಂದಾಗ ನಾನು ಕೂಸನ್ನು ಎತ್ತಿಕೊಂಡು ಶಾಲೆಯ ಕಿಡಕಿಯ ಹತ್ತಿರ ನಿಂತಿದ್ದೆ. ಪೆಟ್ಟಿಗೆಗೆ ಮುಸುಕು ಇರಲಿಲ್ಲ. ತಗಡು ಸುಟ್ಟು ನೀಲಿಯಾಗಿತ್ತು, ಒಂದು ಪಾಟಿಯ ಮೂಲೆ ಒಡೆದಿತ್ತು. ಸಾಹೇಬರು ಬೆರಳಿನಿಂದ ಒರೆಸಿದರು. ಬೆರಳು ಕರಿಯಾಯಿತು.

“ಏನ ಮಾಸ್ತರ ಇದು? ಹೋದ ವರ್ಷ ಎಷ್ಟ ಚಲೋ ಇಟ್ಟಿದ್ರಿ.”

“ಹೌದ್ರಿ ಸಾಹೇಬ್ರ” ಎಂದರು ಮಾಸ್ತರರು. “ಹೋದ ವರ್ಷ ಭಾಳ ಚಲೋ ಇಟ್ಟಿದ್ದೆ.”

ಸಾಹೇಬರಿಗೆ ಏನೂ ತಿಳಿಯಲಿಲ್ಲ. ಸಾಮಾನನ್ನು ಹಾಳು ಮಾಡಿದ್ದಾರೆ ಎಂದು ಶೇರೆ ಬರೆದು ಹೋದರು. ಮಾಸ್ತರರು ಅದನ್ನೂ ಹುಡುಗರಿಗೆ ಓದಿ ಹೇಳಿದರು. ಕಿಡಕಿಯ ಕಡೆ ತಿರುಗಿ, ನನಗೆ ಕೇಳುವಂತೆ, ಎರಡನೆಯ ಸಲ ಓದಿದರು.

ಇಷ್ಟನ್ನೂ ನಾನು ಶೋಭಾಳ ಶಾಲೆಯಲ್ಲಿ ನಿಂತೇ ಅವಳಿಗೆ ಹೇಳಿದೆ. ಆಮೇಲೆ ಕೇಳಿದೆ, “ನಿಮ್ಮ ಟೀಚರೊಳಗ ಇದು ಬರೂವಂಥವರು ಯಾರರ ಅದಾರೇನು?”

“ಹಾನಗಲ್ ಕಡೆ ಒಬ್ಬ ಸರ್ ಅದಾರಂತ.”

“ಅವನ್ನ ಕರಸು. ಅಂವ ಮುಟ್ಟಬಾರದು, ನಿನ್ನ ಕೈಲೇ ಮಾಡಸಬೇಕು. ನಾಳೆನ ಕರಸು.”

ಮುಸುಕಿನ ಅರಿವೆಯನ್ನು ಎಳೆದು, ಒಣಹೂವು ಝಾಡಿಸಿ, ನಾಲ್ಕು ಮಡಿಕೆ ಮಾಡಿ ನನ್ನ ಚೀಲದಲ್ಲಿ ಹಾಕಿಕೊಂಡೆ.

“ಆಯಿ, ಹೆಡ್ ಮಾಸ್ತರು ಕೇಳಿದ್ರ ಏನಂತ ಹೇಳ್ಲಿ?”

“ನಮ್ಮ ಆಯಿ ನೀರು ಸೋಸಾಕ ಒಯ್ದಾಳ ಅನ್ನು” ಎಂದು ಹೇಳಿ ಬಸ್ಸಿಗೆ ಹೊರಟೆ.